ಮನೆ ಖಾಲಿ ಮಾಡಿ ಎನ್ನುವ ಮುನ್ನ

ನಮ್ಮ ಚಿತ್ರದುರ್ಗದಲ್ಲಿ ಬಾಡಿಗೆ ಮನೆಗಳ ವ್ಯವಹಾರ ಬಹುಮಟ್ಟಿಗೆ ಬಾಯಿಮಾತಿನಲ್ಲೇ ನಡೆಯುತ್ತದೆ. ಮನೆ ತೋರಿಸುವಾಗ, ಅಡ್ವಾನ್ಸ್ ಎಣಿಸುವಾಗ, ತಿಂಗಳು ತಿಂಗಳು ಬಾಡಿಗೆ ಕೊಡುವಾಗ ಕಾಗದಕ್ಕೆ ಕೆಲಸವೇ ಇರುವುದಿಲ್ಲ. ಕಾಗದ ಮೊದಲ ಬಾರಿಗೆ ಕಾಣಿಸಿಕೊಳ್ಳುವುದು ಸಂಬಂಧ ಕೆಟ್ಟ ಮೇಲೆ. ಆದ್ದರಿಂದಲೇ ‘ನೋಟಿಸ್’ ಎಂಬ ಮಾತು ನಮ್ಮ ಕಿವಿಗೆ ಬೈಗುಳದಂತೆ ಕೇಳಿಸುತ್ತದೆ. ನೋಟಿಸ್ ಕೊಟ್ಟರು ಎಂದರೆ ಮರ್ಯಾದೆ ತೆಗೆದರು ಎಂದೇ ಅರ್ಥ. ಆದರೆ ಆ ಪದದ ನಿಜವಾದ ಅರ್ಥ ‘ತಿಳಿಸುವುದು’ ಎಂದಷ್ಟೇ. ಒಬ್ಬನ ತಲೆಯ ಮೇಲಿನ ಸೂರಿಗೆ ಸಂಬಂಧಿಸಿದ ವಿಷಯವನ್ನು ಅವನಿಗೆ ಮೊದಲೇ, ಸ್ಪಷ್ಟವಾಗಿ, ಅವಕಾಶವಿರುವಾಗಲೇ ತಿಳಿಸುವುದು ಅವನಿಗೆ ತೋರುವ ಗೌರವವೇ ಹೊರತು ಅವಮಾನವಲ್ಲ.

ಬಾಕಿ ಕೇಳುವ ವಿಷಯದಲ್ಲಿ ನಮ್ಮ ಮಾಲೀಕರ ರೂಢಿಗಳನ್ನು ನಾನು ಬಹಳ ವರ್ಷಗಳಿಂದ ನೋಡುತ್ತಿದ್ದೇನೆ. ಕೆಲವರು ತಮ್ಮ ಮಗುವನ್ನು ಕಳುಹಿಸಿ ‘ಅಬ್ಬಾ ಕೇಳ್ತಿದ್ದಾರೆ’ ಎಂದು ಹೇಳಿಸುತ್ತಾರೆ. ಕೆಲವರು ಬೀದಿಗೆಲ್ಲ ಕೇಳುವಂತೆ ಬಾಗಿಲ ಮುಂದೆ ನಿಂತು ಕೂಗುತ್ತಾರೆ. ಇನ್ನು ಕೆಲವರು ನೀರಿನ ಮೋಟಾರಿನ ಸ್ವಿಚ್ಚನ್ನು ತಮ್ಮ ಕಡೆಗೆ ಹಾಕಿಸಿಕೊಂಡಿರುತ್ತಾರೆ. ಬಾಡಿಗೆ ತಡವಾದ ತಿಂಗಳು ಮೋಟಾರು ‘ಕೆಟ್ಟು’ ಹೋಗುತ್ತದೆ. ಇವೆಲ್ಲಕ್ಕಿಂತ ಅಪಾಯಕಾರಿಯಾದವರು ನಾಲ್ಕೈದು ತಿಂಗಳು ಏನೂ ಹೇಳದೆ ಇದ್ದು, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬೀಗದೊಂದಿಗೆ ಬರುವವರು. ಆ ಮೌನವನ್ನು ಅವರು ಸಹನೆ ಎಂದು ಕರೆದುಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಸಹನೆಯಲ್ಲ, ಕೂಡಿಟ್ಟ ಕೋಪ. ಸಹನೆಯಿರುವವನು ಎಷ್ಟು ದಿನ ಕಾಯುತ್ತೇನೆಂದು ಎದುರಿನವನಿಗೆ ತಿಳಿಸಿ ಕಾಯುತ್ತಾನೆ.

ಹದೀಸ್ ಗ್ರಂಥಗಳಲ್ಲಿ ಸಾಲದ ಬಗ್ಗೆ ಬಂದಿರುವ ಅನೇಕ ಘಟನೆಗಳಲ್ಲಿ ನನಗೆ ಪದೇ ಪದೇ ನೆನಪಾಗುವುದು ಸಹೀಹ್ ಮುಸ್ಲಿಮ್‌ನಲ್ಲಿರುವ ಅಬುಲ್ ಯಸರ್(ರ)ರವರ ಘಟನೆ. ಒಬ್ಬ ವ್ಯಕ್ತಿ ಅವರಿಗೆ ಹಣ ಕೊಡಬೇಕಾಗಿತ್ತು. ಅವರು ಆತನ ಮನೆಗೆ ಹೋಗಿ ಸಲಾಮ್ ಹೇಳಿ ವಿಚಾರಿಸಿದಾಗ, ಆತ ಮನೆಯಲ್ಲಿಲ್ಲ ಎಂಬ ಉತ್ತರ ಬಂತು. ಅಷ್ಟರಲ್ಲಿ ಆತನ ಚಿಕ್ಕ ಮಗ ಹೊರಬಂದ. ತಂದೆ ಎಲ್ಲಿ ಎಂದು ಕೇಳಿದರೆ, ನಿಮ್ಮ ದನಿ ಕೇಳಿ ಅಮ್ಮನ ಮಂಚದ ಮರೆಗೆ ಹೋದರು ಎಂದು ಹುಡುಗ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ಅಬುಲ್ ಯಸರ್ ಕರೆದಾಗ ಆತ ಹೊರಬಂದ. ಅಡಗಿದ್ದೇಕೆಂದು ಕೇಳಿದಾಗ ಆತ ಕೊಟ್ಟ ಉತ್ತರವನ್ನು ಪ್ರತಿಯೊಬ್ಬ ಮಾಲೀಕನೂ ಕೇಳಬೇಕು: ನಿಮ್ಮೊಡನೆ ಮಾತನಾಡಿದರೆ ಸುಳ್ಳು ಹೇಳಬೇಕಾದೀತು, ಮಾತು ಕೊಟ್ಟರೆ ತಪ್ಪಬೇಕಾದೀತು ಎಂದು ಹೆದರಿದೆ, ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಆತ ಅಲ್ಲಾಹನ ಮೇಲೆ ಆಣೆಯಿಟ್ಟು ಹೇಳಿದ. ಅಬುಲ್ ಯಸರ್ ಸಾಲದ ಪತ್ರವನ್ನು ತರಿಸಿ ತಮ್ಮ ಕೈಯಿಂದಲೇ ಅಳಿಸಿದರು. ಕೈಗೆ ಬಂದರೆ ಕೊಡು, ಇಲ್ಲವಾದರೆ ನೀನು ಮುಕ್ತ ಎಂದರು. ಕಷ್ಟದಲ್ಲಿರುವ ಸಾಲಗಾರನಿಗೆ ಸಮಯ ಕೊಟ್ಟವನಿಗೆ, ಅಥವಾ ಸಾಲ ಮನ್ನಾ ಮಾಡಿದವನಿಗೆ, ಅಲ್ಲಾಹನು ತನ್ನ ನೆರಳನ್ನು ನೀಡುವನೆಂದು ಪ್ರವಾದಿ(ಸ)ರಿಂದ ತಾವು ಕೇಳಿದ್ದನ್ನು ಅವರು ಬಳಿಕ ನೆನಪಿಸಿಕೊಂಡರು.

ಈ ಘಟನೆಯನ್ನು ಭಾಷಣಗಳಲ್ಲಿ ಹೇಳುವಾಗ ನಾವು ಕೊನೆಯ ಭಾಗವನ್ನು, ಅಂದರೆ ಮನ್ನಾ ಮಾಡಿದ್ದನ್ನು ಮಾತ್ರ ಎತ್ತಿ ಹೇಳುತ್ತೇವೆ. ನನಗೆ ಮೊದಲಿನ ಭಾಗವೂ ಅಷ್ಟೇ ಮುಖ್ಯವಾಗಿ ತೋರುತ್ತದೆ. ಅವರು ತಾವೇ ಹೋದರು, ಸಲಾಮ್ ಹೇಳಿ ಕೇಳಿದರು. ಸಾಲಗಾರನ ಬಾಯಿಂದ ಕಾರಣ ಕೇಳಿಸಿಕೊಳ್ಳುವ ಮೊದಲು ಯಾವ ತೀರ್ಮಾನಕ್ಕೂ ಬರಲಿಲ್ಲ. ಇನ್ನೊಂದು ಸೂಕ್ಷ್ಮವಿದೆ: ಅಳಿಸಲು ಅಲ್ಲಿ ಒಂದು ಪತ್ರವಿತ್ತು. ಬರೆದಿಟ್ಟ ಲೆಕ್ಕವಿದ್ದುದರಿಂದಲೇ ಮನ್ನಾ ಮಾಡಿದ್ದು ಎಷ್ಟೆಂಬುದು ಇಬ್ಬರಿಗೂ ತಿಳಿಯಿತು. ಸಾಲದ ವ್ಯವಹಾರವನ್ನು ಬರೆದಿಡುವಂತೆ ಕುರ್‌ಆನ್ ಅಲ್‌ಬಕರಾ ಅಧ್ಯಾಯದ 282ನೆಯ ಸೂಕ್ತದಲ್ಲಿ ವಿಸ್ತಾರವಾಗಿ ಆದೇಶಿಸಿದೆ. ಅದಕ್ಕಿಂತ ಎರಡು ಸೂಕ್ತಗಳ ಹಿಂದೆ, 280ರಲ್ಲಿ, ಸಾಲಗಾರ ಇಕ್ಕಟ್ಟಿನಲ್ಲಿದ್ದರೆ ಅನುಕೂಲವಾಗುವವರೆಗೆ ಕಾಯಬೇಕೆಂದೂ, ದಾನವಾಗಿ ಬಿಟ್ಟುಕೊಟ್ಟರೆ ಇನ್ನೂ ಒಳಿತೆಂದೂ ಹೇಳಿದೆ. ಬರವಣಿಗೆ ಮತ್ತು ಕರುಣೆ ಎರಡೂ ಒಂದೇ ಪುಟದಲ್ಲಿವೆ. ನಾವು ಮಾತ್ರ ಅವೆರಡನ್ನು ಒಂದಕ್ಕೊಂದು ವಿರೋಧವೆಂದು ತಿಳಿದಿದ್ದೇವೆ.

ಹಾಗೆಂದು ಬಾಡಿಗೆ ತಡ ಮಾಡುವವರೆಲ್ಲ ಮಂಚದ ಮರೆಯ ಬಡವರಲ್ಲ. ಇದ್ದೂ ಕೊಡದಿರುವವನ ಮುಂದೂಡಿಕೆ ಅನ್ಯಾಯ ಎಂದು ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಪ್ರವಾದಿ(ಸ)ರ ಎಚ್ಚರಿಕೆಯಿದೆ. ಹೊಸ ಬೈಕಿನ ಕಂತನ್ನು ತಪ್ಪದೆ ಕಟ್ಟಿ ಬಾಡಿಗೆಯನ್ನು ಮಾತ್ರ ‘ಮುಂದಿನ ವಾರ’ಕ್ಕೆ ದೂಡುವವನ ಬಗ್ಗೆ ಮಾಲೀಕನಿಗೆ ಕೋಪ ಬಂದರೆ ಆ ಕೋಪ ತಪ್ಪಲ್ಲ. ಒಮ್ಮೆ ಒಬ್ಬ ವ್ಯಕ್ತಿ ತನ್ನ ಬಾಕಿಯನ್ನು ಪ್ರವಾದಿ(ಸ)ರ ಬಳಿಯೇ ಒರಟಾಗಿ ಕೇಳಿದಾಗ ಸಹಾಬಿಗಳು ಸಿಟ್ಟಾದರು. ಹಕ್ಕಿರುವವನಿಗೆ ಮಾತನಾಡುವ ಅಧಿಕಾರವಿದೆ ಎಂದು ಪ್ರವಾದಿ(ಸ)ರು ಅವರನ್ನು ತಡೆದರು. ಆದ್ದರಿಂದ ಬಾಡಿಗೆದಾರರ ಪರ ಮಾತನಾಡುವ ನಾವು ಮಾಲೀಕನನ್ನು ಕೇಳಲೂ ಬಿಡದಂತೆ ಬಾಯಿ ಮುಚ್ಚಿಸಬಾರದು. ನಮ್ಮ ಊರಿನಲ್ಲಿ ಮಾಲೀಕರೆಂದರೆ ಎಲ್ಲರೂ ಸಾಹುಕಾರರಲ್ಲ.

2024ರ ಜನವರಿಯಲ್ಲಿ ನನ್ನ ಬಳಿಗೆ ಬಂದ ವ್ಯಾಜ್ಯವೇ ಇದಕ್ಕೆ ಸಾಕ್ಷಿ. ಹಳೆಯ ಊರಿನ ಕಡೆ ವಾಸವಿರುವ ಒಬ್ಬ ವಿಧವೆ, ನಾನು ಆಪಾ ಎಂದು ಕರೆಯುವವರು, ತಮ್ಮ ಮನೆಯ ಮುಂಭಾಗದ ಎರಡು ಕೋಣೆಗಳನ್ನು 3500 ರೂಪಾಯಿ ಬಾಡಿಗೆಗೆ ಕೊಟ್ಟಿದ್ದರು. ಅಡ್ವಾನ್ಸ್ 20,000. ಆ ಅಡ್ವಾನ್ಸ್ ಹಣ ಮಗಳ ಮದುವೆಯಲ್ಲಿ ಖರ್ಚಾಗಿ ಹೋಗಿತ್ತು. ಸಕ್ಕರೆ ಕಾಯಿಲೆಯ ಮಾತ್ರೆಯಿಂದ ಹಿಡಿದು ದಿನಸಿಯವರೆಗೆ ಅವರ ಕೈಗೆ ಬರುತ್ತಿದ್ದ ನಗದು ಆ ಬಾಡಿಗೆ ಒಂದೇ. ಬಾಡಿಗೆಗಿದ್ದವರು ಹೊಳಲ್ಕೆರೆ ಕಡೆಯ ಹಳ್ಳಿಯಿಂದ ಬಂದು ಎಪಿಎಂಸಿ ಯಾರ್ಡಿನಲ್ಲಿ ಹಮಾಲಿ ಕೆಲಸ ಮಾಡುತ್ತಿದ್ದವರು; ಹೆಂಡತಿ, ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮಗಳು. ನಮ್ಮ ಸಮುದಾಯದವರಲ್ಲ. ಮೂರು ವರ್ಷ ಒಂದು ದಿನವೂ ತಪ್ಪದೆ ಬಾಡಿಗೆ ಕೊಟ್ಟಿದ್ದರು. 2023ರ ಮಳೆ ಕೈಕೊಟ್ಟಿತು. ಶೇಂಗಾ ಬೆಳೆ ಹೊಲದಲ್ಲೇ ಒಣಗಿದ ವರ್ಷ ಯಾರ್ಡಿಗೆ ಬರುವ ಚೀಲ ಕಡಿಮೆ. ಚೀಲಕ್ಕಿಷ್ಟು ಎಂದು ಕೂಲಿ ಪಡೆಯುವವರಿಗೆ ಅದರ ಅರ್ಥವೇನೆಂದು ಬಯಲುಸೀಮೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಅಕ್ಟೋಬರ್‌ನಿಂದ ನಾಲ್ಕು ತಿಂಗಳ ಬಾಡಿಗೆ, 14,000 ರೂಪಾಯಿ ಬಾಕಿ ನಿಂತಿತ್ತು. ಆ ಮನುಷ್ಯ ಬೆಳಕು ಹರಿಯುವ ಮೊದಲೇ ಮನೆ ಬಿಟ್ಟು ರಾತ್ರಿ ಎಲ್ಲರೂ ಮಲಗಿದ ಮೇಲೆ ಬರತೊಡಗಿದ್ದರು. ಕೇಳಿದರೆ ಹೆಂಡತಿ ‘ಅಮ್ಮಾ, ಅವರು ಮನೇಲಿಲ್ಲ’ ಎನ್ನುತ್ತಿದ್ದರು. ಅಬುಲ್ ಯಸರ್(ರ)ರ ಕಾಲದ ಮಂಚವೇ ಇಲ್ಲಿ ಯಾರ್ಡಿನ ರೂಪ ತಾಳಿತ್ತು.

ಆಪಾರವರ ಸಂಬಂಧಿಕರೊಬ್ಬರು ನಲ್ಲಿ ಬಂದ್ ಮಾಡಿ, ಎರಡೇ ದಿನದಲ್ಲಿ ದಾರಿಗೆ ಬರುತ್ತಾರೆ ಎಂದು ಸಲಹೆ ಕೊಟ್ಟಿದ್ದರು. ಆಪಾ ಜುಮಾ ದಿನ ಕರೆಸಿ ನನ್ನನ್ನು ಕೇಳಿದ್ದು ಒಂದೇ: “ಭಾಯ್, ನಾನು ಹೀಗೆ ಮಾಡಿದರೆ ಗುನಾಹ್ ಆಗುತ್ತದೆಯೇ? ಮಾಡದಿದ್ದರೆ ನನ್ನ ಮಾತ್ರೆಗೆ ಯಾರು ಕೊಡುತ್ತಾರೆ?”

ಆ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸಬೇಕು. 280ನೆಯ ಸೂಕ್ತದ ಆಧಾರದಲ್ಲಿ ಬಡ ಬಾಡಿಗೆದಾರನನ್ನು ಎಂದೆಂದಿಗೂ ಉಚಿತವಾಗಿ ಇಟ್ಟುಕೊಳ್ಳಬೇಕೆಂದು ಕೆಲವರು ವಾದಿಸುತ್ತಾರೆ. ಅದು ಸರಿಯಲ್ಲ. ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಆಗಿಹೋದ ತಿಂಗಳುಗಳ ಬಾಡಿಗೆ ಈಗ ಸಾಲ. ಆ ಸಾಲದ ವಿಷಯದಲ್ಲಿ ಕಷ್ಟದಲ್ಲಿರುವವನಿಗೆ ಸಮಯ ಕೊಡಲೇಬೇಕು. ಮುಂಬರುವ ತಿಂಗಳುಗಳ ವಾಸ ಸಾಲವಲ್ಲ, ಅದು ಒಪ್ಪಂದ. ಇಜಾರ ಎಂದು ನಮ್ಮ ಫಿಕ್ಹ್ ಗ್ರಂಥಗಳು ಕರೆಯುವ ಈ ಒಪ್ಪಂದದಲ್ಲಿ ಮೊತ್ತವೂ ಅವಧಿಯೂ ಇಬ್ಬರಿಗೂ ತಿಳಿದಿರಬೇಕು, ಇಬ್ಬರೂ ಪಾಲಿಸಬೇಕು. ಒಪ್ಪಂದಗಳನ್ನು ಪೂರೈಸಿ ಎಂಬ ಅಲ್‌ಮಾಇದಾ ಅಧ್ಯಾಯದ ಮೊದಲ ಸೂಕ್ತದ ಆದೇಶ ಇಬ್ಬರಿಗೂ ಸೇರಿದ್ದು. ಹಳೆಯ ಬಾಕಿಗೆ ಕಾಲಾವಕಾಶ ಕೊಡುತ್ತಲೇ, ಮುಂದಕ್ಕೆ ಈ ಮನೆಯನ್ನು ಇಂಥ ದಿನದೊಳಗೆ ಬಿಟ್ಟುಕೊಡಿ ಎಂದು ಹೇಳಲು ಮಾಲೀಕನಿಗೆ ಹಕ್ಕಿದೆ. ಆ ಹಕ್ಕನ್ನು ಹೇಗೆ ಚಲಾಯಿಸುತ್ತೇವೆ ಎಂಬಲ್ಲಿ ನಮ್ಮ ದೇವಭಯದ ಪರೀಕ್ಷೆ ನಡೆಯುತ್ತದೆ.

ನಲ್ಲಿ ಬಂದ್ ಮಾಡುವುದು, ಬೀಗ ಜಡಿಯುವುದು, ಸಾಮಾನು ಹೊರಗೆ ಹಾಕುವುದು, ಇವೆಲ್ಲ ಧರ್ಮದ ದೃಷ್ಟಿಯಿಂದಲೂ ಕಾನೂನಿನ ದೃಷ್ಟಿಯಿಂದಲೂ ಅಕ್ರಮ. ನಿಮ್ಮದಲ್ಲದ ಮನೆಯನ್ನು ಅನುಮತಿ ಪಡೆದು, ಸಲಾಮ್ ಹೇಳಿದ ನಂತರವೇ ಪ್ರವೇಶಿಸಬೇಕು. ಹಿಂದಿರುಗಿ ಎಂದರೆ ಹಿಂದಿರುಗಬೇಕು ಎಂದು ಅನ್ನೂರ್ ಅಧ್ಯಾಯದ 27 ಮತ್ತು 28ನೆಯ ಸೂಕ್ತಗಳು ಕಲಿಸುತ್ತವೆ. ಕಟ್ಟಡ ನನ್ನದಾದರೂ ಬಾಡಿಗೆ ಕೊಟ್ಟ ಅವಧಿಯಲ್ಲಿ ಆ ಮನೆ ಇನ್ನೊಬ್ಬರ ಖಾಸಗಿ ನೆಲೆ. ಸ್ಪೇರ್ ಕೀಲಿ ಜೇಬಿನಲ್ಲಿದೆ ಎಂಬುದು ಅನುಮತಿಯಾಗುವುದಿಲ್ಲ. ದೇಶದ ಕಾನೂನೂ ಇದನ್ನೇ ಹೇಳುತ್ತದೆ: ಕಾನೂನುಬದ್ಧ ಕ್ರಮವಿಲ್ಲದೆ, ಒಪ್ಪಿಗೆಯಿಲ್ಲದೆ ಹೊರಹಾಕಲ್ಪಟ್ಟವನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೆಯ ಪ್ರಕರಣದಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಆಗ ಬಾಡಿಗೆ ಬಾಕಿಯಿತ್ತು ಎಂಬ ಮಾಲೀಕನ ಉತ್ತರ ನಡೆಯುವುದಿಲ್ಲ.

ನಾನೂ ಆಪಾರವರ ಅಳಿಯನೂ ಒಂದು ರಾತ್ರಿ ಊಟದ ಹೊತ್ತು ಕಳೆದ ಮೇಲೆ ಹೋಗಿ, ಮೊದಲೇ ಹೇಳಿ ಕಳುಹಿಸಿ, ಆ ಮನುಷ್ಯನೊಂದಿಗೆ ಕುಳಿತೆವು. ಮಗಳು ಒಳಗೆ ಓದುತ್ತಿದ್ದಳು. ಆದ್ದರಿಂದ ಜಗುಲಿಯಲ್ಲಿ ಮೆಲುದನಿಯಲ್ಲಿ ಮಾತಾಯಿತು. ಅವರು ಏನನ್ನೂ ಮುಚ್ಚಿಡಲಿಲ್ಲ. “ಸಾರ್, ಅಮ್ಮನ ಮುಖ ನೋಡೋಕೆ ಆಗ್ತಿರಲಿಲ್ಲ” ಎಂದರು. ಅಂದು ಒಂದು ಹಾಳೆಯಲ್ಲಿ ಬರೆದುಕೊಂಡೆವು: ಬಾಕಿ 14,000, ಫೆಬ್ರವರಿಯಿಂದ ಆಯಾ ತಿಂಗಳ ಬಾಡಿಗೆ ಹತ್ತನೇ ತಾರೀಖಿನೊಳಗೆ, ಜೊತೆಗೆ ಹಳೆಯ ಬಾಕಿಗೆ ತಿಂಗಳಿಗೆ ಸಾವಿರ, ತಪ್ಪಿದರೆ ಮನೆ ಬಿಡಲು ಲಿಖಿತ ನೋಟಿಸ್. ಇಬ್ಬರ ಸಹಿ, ಇಬ್ಬರಿಗೂ ಒಂದೊಂದು ಪ್ರತಿ.

ತಡವಾದುದಕ್ಕೆ ತಿಂಗಳಿಗೆ ಇನ್ನೂರು ದಂಡ ಸೇರಿಸಿ ಎಂದು ಅಳಿಯ ಸೂಚಿಸಿದ್ದರು. ಅದನ್ನು ಬೇಡವೆಂದೆ. ಕೊಡಬೇಕಾದ ಬಾಡಿಗೆ ಸಾಲವಾದ ಮೇಲೆ, ಕಾಲ ಸರಿದಂತೆ ಅದರ ಮೇಲೆ ಬೆಳೆಯುವ ಹಣಕ್ಕೆ ‘ದಂಡ’ ಎಂಬ ಹೆಸರಿಟ್ಟ ಮಾತ್ರಕ್ಕೆ ಅದು ಬಡ್ಡಿಯಲ್ಲದೆ ಹೋಗುವುದಿಲ್ಲ ಎಂಬುದೇ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಬ್ಯಾಂಕಿನ ಬಡ್ಡಿಗೆ ಹೆದರುವ ನಮ್ಮ ಎಷ್ಟೋ ಮಾಲೀಕರು ಕರಾರು ಪತ್ರದ ಈ ಒಂದು ಸಾಲನ್ನು ಓದದೆ ಸಹಿ ಹಾಕುತ್ತಾರೆ. (ಭೋಗ್ಯದ ಮನೆಗಳ ಪ್ರಶ್ನೆ ಇನ್ನೂ ಜಟಿಲ, ಅದನ್ನು ಇನ್ನೊಮ್ಮೆ ಬರೆಯಬೇಕು.)

ಇನ್ನೊಂದು ಪ್ರಶ್ನೆಯೂ ಬರುತ್ತದೆ: ಬಾಕಿಯನ್ನು ಬಿಟ್ಟುಬಿಟ್ಟು ಅದನ್ನೇ ಝಕಾತ್ ಎಂದು ಎಣಿಸಬಹುದೇ? ಬಹುಪಾಲು ವಿದ್ವಾಂಸರು ಒಪ್ಪುವುದಿಲ್ಲ, ಏಕೆಂದರೆ ಝಕಾತ್ ಕೈಯಿಂದ ಕೊಡಬೇಕಾದದ್ದು. ಬರುವ ನಿರೀಕ್ಷೆಯಿಲ್ಲದ ಹಣವನ್ನು ಲೆಕ್ಕದಲ್ಲಿ ಹೊಂದಿಸುವುದಲ್ಲ. ಮನ್ನಾ ಮಾಡಿದ್ದು ಸದಕವಾಗುತ್ತದೆ, ಅದರ ಪ್ರತಿಫಲವೇ ಬೇರೆ.

ಫೆಬ್ರವರಿ, ಮಾರ್ಚ್ ಎರಡು ತಿಂಗಳು ಮಾತು ನಡೆಯಿತು. ಏಪ್ರಿಲ್‌ನಲ್ಲಿ ನಿಂತಿತು. ಯಾರ್ಡಿನಲ್ಲಿ ಕೆಲಸವೇ ಇರಲಿಲ್ಲ. ಈಗ ನೋಟಿಸ್ ಅನಿವಾರ್ಯವಾಯಿತು, ಮತ್ತು ಈಗ ಅದು ಯಾರಿಗೂ ಸಿಡಿಲಿನಂತೆ ಎರಗಲಿಲ್ಲ.

ಕಾನೂನಿನ ಬಗ್ಗೆ ನಮ್ಮವರಲ್ಲಿ ಗೊಂದಲವಿರುವುದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕರ್ನಾಟಕ ಬಾಡಿಗೆ ಕಾಯ್ದೆ, 1999 ಎಂಬುದೊಂದಿದೆ. ಅದರ 27ನೆಯ ಪ್ರಕರಣದ ಪ್ರಕಾರ ಬಾಕಿಯ ಕಾರಣಕ್ಕೆ ಮನೆ ಬಿಡಿಸಬೇಕಾದರೆ ಮೊದಲು ಬಾಕಿ ಕೊಡುವಂತೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ತಲುಪಿದ ಎರಡು ತಿಂಗಳೊಳಗೆ ಬಾಡಿಗೆದಾರ ಪೂರ್ತಿ ಬಾಕಿಯನ್ನು ಕೊಡದಿದ್ದರೆ ಅಥವಾ ಕೊಡಮಾಡದಿದ್ದರೆ ಮಾತ್ರ ಆ ಕಾರಣ ನಿಲ್ಲುತ್ತದೆ. ಆದರೆ ಈ ಕಾಯ್ದೆ ಎಲ್ಲ ಮನೆಗಳಿಗೂ ಅನ್ವಯಿಸುವುದಿಲ್ಲ. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಕಾಯ್ದೆಯ ಲೆಕ್ಕದ ಬಾಡಿಗೆ 3500 ರೂಪಾಯಿ, ಇತರ ಕಡೆಗಳಲ್ಲಿ 2000 ರೂಪಾಯಿ ದಾಟಿದ ಮನೆಗಳು ಅದರ ಹೊರಗೆ. ಇಂದು ದುರ್ಗದಲ್ಲಿ ಎರಡು ಸಾವಿರಕ್ಕೆ ಸಿಗುವ ಮನೆ ಎಷ್ಟಿವೆ? ಹೊರಗುಳಿದ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಆಧಾರ. ಬೇರೆ ಲಿಖಿತ ಕರಾರಿಲ್ಲದಿದ್ದರೆ, ತಿಂಗಳ ಬಾಡಿಗೆಯ ವಾಸವನ್ನು ಕೊನೆಗೊಳಿಸಲು ಅದರ 106ನೆಯ ಪ್ರಕರಣದಂತೆ ಹದಿನೈದು ದಿನಗಳ ನೋಟಿಸ್ ಬೇಕು. ಅದು ಬರವಣಿಗೆಯಲ್ಲಿರಬೇಕು, ಕೊಡುವವರ ಅಥವಾ ಅವರ ಪರವಾಗಿ ಸಹಿ ಇರಬೇಕು. ಅಂಚೆಯಲ್ಲಿ ಕಳುಹಿಸಬಹುದು, ಖುದ್ದಾಗಿ ಕೊಡಬಹುದು, ಮನೆಯಲ್ಲಿರುವ ಕುಟುಂಬದವರ ಕೈಗೆ ಕೊಡಬಹುದು. ಇವು ಸಾಧ್ಯವಾಗದಿದ್ದಾಗ ಮನೆಯ ಎದ್ದುಕಾಣುವ ಜಾಗದಲ್ಲಿ ಅಂಟಿಸಬಹುದು. ದಿನಗಳ ಎಣಿಕೆ ನೋಟಿಸ್ ತಲುಪಿದ ದಿನದಿಂದ. ತಿಂಗಳ ಕೊನೆಗೇ ಮುಗಿಯಬೇಕೆಂಬ ಹಳೆಯ ಕಟ್ಟುಪಾಡು 2002ರ ತಿದ್ದುಪಡಿಯಿಂದ ಹೋಗಿದೆ. ಅವಧಿ ಮುಗಿದರೂ ಬಾಡಿಗೆದಾರ ಬಿಡದಿದ್ದರೆ ನ್ಯಾಯಾಲಯವೇ ದಾರಿ, ಬೀಗವಲ್ಲ. ನಿಮ್ಮ ಮನೆ ಯಾವ ಕಾಯ್ದೆಯಡಿ ಬರುತ್ತದೆಂದು ಒಬ್ಬ ವಕೀಲರನ್ನು ಕೇಳಿಯೇ ಮುಂದುವರಿಯಿರಿ, ನಾವೂ ಕೇಳಿದೆವು.

ಹದಿನೈದು ದಿನ ಕಾನೂನಿನ ಕನಿಷ್ಠ ಮಿತಿ. ಕನಿಷ್ಠಕ್ಕೇ ನಿಲ್ಲಬೇಕೆಂದು ಯಾರೂ ಹೇಳಿಲ್ಲ. ಮಾರಾಟದಲ್ಲೂ ಖರೀದಿಯಲ್ಲೂ ತನ್ನ ಹಕ್ಕನ್ನು ಕೇಳುವಾಗಲೂ ಮೃದುವಾಗಿರುವವನಿಗೆ ಪ್ರವಾದಿ(ಸ)ರು ಅಲ್ಲಾಹನ ಕೃಪೆಯನ್ನು ಪ್ರಾರ್ಥಿಸಿದ್ದಾರೆ. ಮೂರನೆಯ ಸಂದರ್ಭವನ್ನೂ ಅವರು ಬಿಡಲಿಲ್ಲ ಎಂಬುದನ್ನು ಗಮನಿಸಿ. ಮಾರ್ಚ್‌ನಲ್ಲಿ ಪರೀಕ್ಷೆ ಬರೆಯುವ ಮಗುವಿರುವ ಮನೆಗೆ ಫೆಬ್ರವರಿಯಲ್ಲಿ ನೋಟಿಸ್ ಕೊಡುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ಎರಡು ತಿಂಗಳು ತಡೆದರೆ ಮಾಲೀಕನ ಮನೆ ಮುಳುಗುವುದಿಲ್ಲ. ಕೊರೊನಾ ಕಾಲದಲ್ಲಿ, 2020ರ ಮಾರ್ಚ್ 29ರಂದು, ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆ ಕೇಳಬಾರದೆಂದು ಕೇಂದ್ರ ಗೃಹ ಸಚಿವಾಲಯವೇ ಆದೇಶಿಸಬೇಕಾಯಿತು. ಆದೇಶ ಬರುವ ಮೊದಲೇ ಬಿಟ್ಟುಕೊಟ್ಟ ಮಾಲೀಕರೂ ನಮ್ಮ ನಡುವೆ ಇದ್ದರು.

ಆಪಾರವರ ಪರವಾಗಿ ಮೇ ಎರಡರಂದು ಬರೆದ ಪತ್ರ ಒಂದೇ ಪುಟ. ಮನೆಯ ವಿವರ, ಬಾಡಿಗೆಯ ಮೊತ್ತ, ಯಾವ ತಿಂಗಳ ಬಾಕಿ ಎಷ್ಟು, ಬಂದದ್ದೆಷ್ಟು, ಮೇ 31ಕ್ಕೆ ಬಾಡಿಗೆ ಒಪ್ಪಂದ ಕೊನೆಗೊಳ್ಳುತ್ತದೆ ಮತ್ತು ಅಂದಿಗೆ ಮನೆ ಬಿಟ್ಟುಕೊಡಬೇಕು ಎಂಬ ಸ್ಪಷ್ಟ ಮಾತು, ಅಡ್ವಾನ್ಸ್‌ನ ಲೆಕ್ಕ ಹೇಗೆ ಎಂಬುದು. ‘ಸಾಧ್ಯವಾದರೆ’, ‘ಬೇಗ’ ಎಂಬ ಮಾತುಗಳಿಗೆ ನೋಟಿಸಿನಲ್ಲಿ ಜಾಗವಿಲ್ಲ. ದಿನಾಂಕಕ್ಕೆ ಮಾತ್ರ ಜಾಗ. ಬೆದರಿಕೆಯ, ಚುಚ್ಚುವ ಒಂದು ಪದವೂ ಇರಲಿಲ್ಲ. ಒಂದು ಪ್ರತಿಯನ್ನು ಅಂಚೆಗೆ ಹಾಕಿ, ಇನ್ನೊಂದನ್ನು ಅವರ ಕೈಗೇ ಕೊಟ್ಟು, ತಲುಪಿತೆಂದು ಸಹಿ ಪಡೆದೆವು. ಪತ್ರವನ್ನು ಕೊಡುವ ಮೊದಲು ಅವರಿಗೆ ಓದಿ ಹೇಳಿದೆ. ಓದು ಬಾರದವರ ಕೈಗೆ ಕಾಗದ ತುರುಕಿ ‘ತಿಳಿಸಿದ್ದೇನೆ’ ಎನ್ನುವುದು ನನಗೆ ಒಪ್ಪಿಗೆಯಾಗದ ಮಾತು. ನೋಟಿಸ್ ಕೊಟ್ಟ ನಂತರ ಬಾಡಿಗೆ ಹಣ ಪಡೆದರೆ ನೋಟಿಸನ್ನೇ ಕೈಬಿಟ್ಟಂತೆ ಎಂಬ ವಾದ ಹುಟ್ಟಬಹುದು. ಹಾಗೆ ಪಡೆಯುವ ಸಂದರ್ಭ ಬಂದರೆ ನೋಟಿಸಿಗೆ ಬಾಧೆಯಿಲ್ಲದಂತೆ ಪಡೆದಿದ್ದೇವೆ ಎಂದು ರಸೀದಿಯಲ್ಲಿ ಬರೆಯಿರಿ ಎಂದು ವಕೀಲರು ಸೂಚಿಸಿದ್ದರು.

ಇಂಥ ಸಂದರ್ಭಗಳಲ್ಲಿ ಮಧ್ಯಸ್ಥರಾಗುವವರಿಗೆ ಬುಖಾರಿಯಲ್ಲಿರುವ ಕಅಬ್ ಬಿನ್ ಮಾಲಿಕ್(ರ)ರ ಘಟನೆ ದೊಡ್ಡ ಪಾಠ. ಅವರು ಇಬ್ನು ಅಬೀ ಹದ್ರದ್(ರ)ರಿಂದ ತಮ್ಮ ಬಾಕಿಯನ್ನು ಮಸೀದಿಯಲ್ಲೇ ಕೇಳಿದರು, ದನಿ ಏರಿತು. ಪ್ರವಾದಿ(ಸ)ರು ತಮ್ಮ ಕೋಣೆಯ ಪರದೆ ಸರಿಸಿ, ಅರ್ಧದಷ್ಟು ಬಿಟ್ಟುಕೊಡುವಂತೆ ಕಅಬ್‌ರಿಗೆ ಕೈಸನ್ನೆ ಮಾಡಿದರು. ಅವರು ಒಪ್ಪಿದರು. ತಕ್ಷಣ ಸಾಲಗಾರನ ಕಡೆ ತಿರುಗಿ, ಎದ್ದು ಉಳಿದದ್ದನ್ನು ತೀರಿಸುವಂತೆ ಆಜ್ಞಾಪಿಸಿದರು. ನಮ್ಮ ಪಂಚಾಯಿತಿಗಳಲ್ಲಿ ಮೊದಲನೆಯ ಅರ್ಧ ಮಾತ್ರ ನಡೆಯುತ್ತದೆ: ಕೊಡಬೇಕಾದವನು ಎದುರಿಗಿದ್ದರೂ ಬಿಟ್ಟುಕೊಡುವಂತೆ ಒತ್ತಾಯಿಸುವುದು ಮಾಲೀಕನನ್ನು, ಅದರಲ್ಲೂ ಆಕೆ ವಿಧವೆಯಾಗಿದ್ದರೆ ಇನ್ನೂ ಸುಲಭವಾಗಿ. ಉಳಿದದ್ದನ್ನು ತೀರಿಸು ಎಂದು ಹೇಳುವ ಬಾಯಿ ತೆರೆಯುವುದಿಲ್ಲ.

ಮೇ 31ರ ಸಂಜೆ ಆ ಕುಟುಂಬ ಒಂದು ಚಿಕ್ಕ ಮನೆಗೆ ಹೊರಟಿತು. ಹಳೆಯ ಬಾಕಿ 14,000ದಲ್ಲಿ ಎರಡು ಸಾವಿರ ಬಂದಿತ್ತು. ಏಪ್ರಿಲ್, ಮೇ ತಿಂಗಳ ಏಳು ಸಾವಿರ ಸೇರಿ ಒಟ್ಟು 19,000. ಕೊನೆಯ ವಿದ್ಯುತ್ ಬಿಲ್ಲು 640. ಅಡ್ವಾನ್ಸ್ 20,000ದಲ್ಲಿ ಉಳಿದದ್ದು 360 ರೂಪಾಯಿ. ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಊರಿನ ವಾಡಿಕೆ. ಆದರೆ ಮೊದಲು ಹಾಗೆ ಮಾತಾಗಿರಲಿಲ್ಲವಾದ್ದರಿಂದ ಆಪಾ ಹಿಡಿಯಲಿಲ್ಲ. ಲೆಕ್ಕದಲ್ಲಿ ಅವರಿಗೆ ನಷ್ಟವಾಗಲಿಲ್ಲವೆಂದು ಹೇಳಬಹುದು. ಆದರೆ ಆ ಎಂಟು ತಿಂಗಳಲ್ಲಿ ಅವರ ಕೈಗೆ ಬಂದ ನಗದು ಎರಡು ತಿಂಗಳದ್ದು ಮಾತ್ರ. ಮಾತ್ರೆಯ ಅಂಗಡಿಯಲ್ಲಿ ಅವರದೇ ಒಂದು ಬಾಕಿ ಬೆಳೆದಿತ್ತು. ಅವರು 360 ರೂಪಾಯಿಯನ್ನು ಎಣಿಸಿ ಆ ಹೆಂಗಸಿನ ಕೈಗಿಟ್ಟರು, ಹುಡುಗಿಯ ಫಲಿತಾಂಶ ಕೇಳಿದರು. ಪಾಸಾಗಿದ್ದಳು.

ಜುಲೈನಲ್ಲಿ ಹೊಸ ಬಾಡಿಗೆದಾರರು ಬಂದಾಗ ಹನ್ನೊಂದು ತಿಂಗಳ ಕರಾರು ಪತ್ರ ಬರೆಸಲಾಯಿತು. ಬಾಡಿಗೆ ತಡವಾಗುವಂತಿದ್ದರೆ ಐದನೇ ತಾರೀಖಿನೊಳಗೆ ಬಂದು ಹೇಳತಕ್ಕದ್ದು ಎಂಬ ಸಾಲನ್ನು ಆಪಾ ತಾವೇ ಹೇಳಿ ಸೇರಿಸಿದರು. ಬಂದವರು, ಹಾಗಾದರೆ ಮನೆ ಬಿಟ್ಟ ಹದಿನೈದು ದಿನದೊಳಗೆ ಅಡ್ವಾನ್ಸ್ ಹಿಂದಿರುಗಿಸತಕ್ಕದ್ದು ಎಂದೂ ಬರೆಯಿರಿ ಎಂದರು. ಆಪಾ ಒಂದು ಕ್ಷಣ ನನ್ನ ಮುಖ ನೋಡಿ, ಬರೆಯಿರಿ ಎಂದರು.